ಸುಮೈರಾ ಕೂಗಿದ ಅಳತೆ

"ನಲವತ್ನಾಲ್ಕು!" ಕಾರಿನ ಡಿಕ್ಕಿಯೊಳಗಿಂದ ಸುಮೈರಾ ಕೂಗಿದಳು. ಹೊರಗೆ ಕಾಣುತ್ತಿದ್ದದ್ದು ಅವಳ ಎರಡು ಚಪ್ಪಲಿ ಮಾತ್ರ.

"ನಲವತ್ನಾಲ್ಕು," ಎನ್ನುತ್ತಾ ಅಬ್ಬಾ ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು.

"ಚೂಡಂಡಿ ಸಾರ್, ಎಂತ ಜಾಗ ಉಂದೋ! ಮಂಚ ಹಾಕ್ಕೊಂಡು ಮಲಗ್ಬೋದು," ಎಂದ ಕಾರಿನ ಯಜಮಾನ. ಪಾವಗಡದಲ್ಲಿ ಅರ್ಧ ತೆಲುಗು, ಅರ್ಧ ಕನ್ನಡ. ಎರಡರಲ್ಲೂ ಅವನು ಕಾರನ್ನು ಹೊಗಳುತ್ತಲೇ ಇದ್ದ.

ಅಬ್ಬಾ ಕಾರಿನ ಸುತ್ತ ಒಂದು ಸುತ್ತು ಬಂದರು. ಮುಂದೆ ಬಂದವರು ಹಾಗೇ ನಿಂತುಬಿಟ್ಟರು.

"ಇದೇನಿದು, ಎಪಿ ನಂಬರ್? ನೀವು ಕಳ್ಸಿದ ಫೋಟೋದಲ್ಲಿ ಇದ್ರ ಮೇಲೆ ಟವೆಲ್ ಇತ್ತಲ್ಲ?"

"ಒಣಗೋಕೆ ಹಾಕಿದ್ದೆ ಸಾರ್."

"ಸರಿಯಾಗಿ ನಂಬರ್ ಪ್ಲೇಟ್ ಮೇಲೇನಾ? ಆಂಧ್ರದ ಗಾಡಿ ತಗೊಂಡ್ರೆ ನಮ್ಮ ಕಡೆ ರೋಡ್ ಟ್ಯಾಕ್ಸ್ ಇನ್ನೊಂದ್ಸಲ ಕಟ್ಬೇಕು. ಅಗ್ಗಕ್ಕೆ ಯಾಕೆ ಕೊಡ್ತಿದೀರಿ ಅಂತ ಈಗ ಗೊತ್ತಾಯ್ತು ಬಿಡಿ."

ಅಬ್ಬಾ ನೋಟ್‌ಬುಕ್ ಮುಚ್ಚಿದರು. ಅವರ ಮುಖ ಸಪ್ಪಗಾಯಿತು. ಡಿಕ್ಕಿಯಿಂದ ಇಳಿದ ಸುಮೈರಾ ತಲೆ ತಗ್ಗಿಸಿ ಟೇಪು ಸುತ್ತಿದಳು. ತಲೆ ತಗ್ಗಿಸಿದ್ದು ಯಾಕೆಂದರೆ, ಅವಳಿಗೆ ನಗು ಬರುತ್ತಿತ್ತು.

ಸುಮೈರಾಳ ಅಬ್ಬಾ ಮುಜೀಬ್ ಶಿರಾದಲ್ಲಿ ಟೈಲರ್. ಆ ಅಂಗಡಿಯಲ್ಲಿ ಒಂದು ಪದ್ಧತಿ ಇದೆ. ಒಬ್ಬರು ಟೇಪು ಹಿಡಿದು ಅಳತೆ ಕೂಗಬೇಕು, ಇನ್ನೊಬ್ಬರು ಬರೆದುಕೊಳ್ಳಬೇಕು. ಒಮ್ಮೆ ಕೂಗಿದ ಮೇಲೆ ಮುಗಿಯಿತು, ಮತ್ತೆ ಅಳೆಯುವುದಿಲ್ಲ. ಅಜ್ಜನ ಕಾಲದಲ್ಲಿ ಅಬ್ಬಾ ಕೂಗುತ್ತಿದ್ದರು. ಈಗ ಐದನೇ ಕ್ಲಾಸಿನ ಸುಮೈರಾ ಕೂಗುತ್ತಾಳೆ. ಇಡೀ ಕ್ಲಾಸಿನಲ್ಲಿ ಇಂಥ ಕೆಲಸ ಇನ್ಯಾರಿಗೂ ಇಲ್ಲ ಎಂದು ಅವಳಿಗೆ ಸ್ವಲ್ಪ ಜಂಬವೂ ಇದೆ.

ಮೂರು ತಿಂಗಳಿಂದ ಅಬ್ಬಾ ಕಾರು ಹುಡುಕುತ್ತಿದ್ದರು. "ಹಳೇದಾಗಿರಬೇಕು, ದೊಡ್ಡದಾಗಿರಬೇಕು, ಟ್ಯಾಕ್ಸ್ ಕಮ್ಮಿ ಇರಬೇಕು," ಎಂದು ಸಿಕ್ಕಸಿಕ್ಕವರಿಗೆಲ್ಲ ಹೇಳಿಟ್ಟಿದ್ದರು. ದೊಡ್ಡದು ಬೇಕಾಗಿದ್ದದ್ದು ಸುಮೈರಾಳ ತಂಗಿ ಅಂಬ್ರೀನ್‌ಗಾಗಿ. ಅಂಬ್ರೀನ್‌ಗೆ ಎಂಟು ವರ್ಷ. ಹುಟ್ಟಿನಿಂದಲೇ ಕಾಲಲ್ಲಿ ಬಲವಿಲ್ಲ, ಓಡಾಡುವುದೆಲ್ಲ ವೀಲ್‌ಚೇರಿನಲ್ಲಿ. ವಾರಕ್ಕೊಮ್ಮೆ ವ್ಯಾಯಾಮಕ್ಕೆಂದು ತುಮಕೂರಿನ ಆಸ್ಪತ್ರೆಗೆ ಹೋಗಬೇಕು. ಬಸ್ಸಿನಲ್ಲಿ ವೀಲ್‌ಚೇರ್ ಹತ್ತಿಸುವಷ್ಟರಲ್ಲಿ ಅಮ್ಮಿಯ ಸೊಂಟ ಬಿದ್ದುಹೋಗುತ್ತಿತ್ತು. ಆ ವೀಲ್‌ಚೇರನ್ನು ಮಡಿಸಿ ಕಾರಿನಲ್ಲಿ ಮಲಗಿಸಲು ನಲವತ್ತೆರಡು ಇಂಚು ಜಾಗ ಬೇಕು. ಜೊತೆಗೆ ಅಬ್ಬಾನ ತಾಯಿ, ಮಂಡಿ ನೋವಿನ ದಾದಿ ಅಮೀರುನ್ನೀಸಾ ಕಾಲು ಚಾಚಿಕೊಂಡು ಕೂರಬೇಕು.

ಅಂಬ್ರೀನ್‌ಗೆ ಕಿಟಕಿ ಪಕ್ಕದ ಮಂಚ. ಅಂಬ್ರೀನ್‌ಗೆ ಮೊದಲ ಬಿಸಿ ರೊಟ್ಟಿ. ಅಂಗಡಿಯಿಂದ ಬಂದ ಅಬ್ಬಾ ಮೊದಲು ಕೇಳುವುದು "ಅಂಬ್ರೀನ್ ಏನ್ಮಾಡ್ತಿದಾಳೆ?" ಈಗ ಕಾರೂ ಅಂಬ್ರೀನ್‌ಗೆ. ಹೀಗೆ ಒಂದೊಂದನ್ನೇ ಲೆಕ್ಕ ಹಾಕಿದಾಗಲೆಲ್ಲ ಸುಮೈರಾಳ ಹೊಟ್ಟೆ ಚುರುಚುರು ಉರಿಯುತ್ತಿತ್ತು. ಅದನ್ನು ಯಾರಿಗೂ ಹೇಳುವಂತಿರಲಿಲ್ಲ. ಹೇಳಿದರೆ "ಪಾಪ, ಅವಳಿಗೆ ನಡೆಯೋಕಾಗಲ್ಲ ಬೇಟಾ" ಎನ್ನುತ್ತಾರೆ. ಅದು ಅವಳಿಗೂ ಗೊತ್ತು. ಗೊತ್ತಿದ್ದ ಮಾತ್ರಕ್ಕೆ ಹೊಟ್ಟೆಕಿಚ್ಚು ಸುಮ್ಮನಿರುತ್ತದೆಯೇ?

ಭಾನುವಾರ ಮಾತ್ರ ಅವಳದ್ದು. ಕಾರು ನೋಡಲು ಅಬ್ಬಾ ಸ್ಕೂಟರಿನಲ್ಲಿ ಹೊರಟರೆ ಹಿಂದೆ ಸುಮೈರಾ. ದಾರಿಯುದ್ದಕ್ಕೂ ಅಬ್ಬಾ ಹೇಳುವ ಕತೆ ಅವಳಿಗೊಬ್ಬಳಿಗೇ. ದಾರಿಯಲ್ಲಿ ಕೊಂಡ ಬಿಸಿ ಕಡಲೆಕಾಯಿಯೂ ಅವಳದ್ದೇ. ಕಾರು ಸಿಕ್ಕಿಬಿಟ್ಟರೆ ಇದೆಲ್ಲ ಮುಗಿದಂತೆ. ಅದಕ್ಕೇ ಪ್ರತಿ ಭಾನುವಾರ ಅವಳು ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿದ್ದಳು, "ಇವತ್ತೂ ಸಿಗೋದು ಬೇಡ."

ಮುಂದಿನ ಭಾನುವಾರ ಅವರು ಮಧುಗಿರಿಗೆ ಹೋದರು. ದೊಡ್ಡ ಬಂಡೆಬೆಟ್ಟದ ನೆರಳು ಬೀಳುವ ಒಂದು ಬೀದಿಯಲ್ಲಿ ಶಂಕರಲಿಂಗಪ್ಪನವರ ಮನೆ. ರಿಟೈರ್ ಆದ ಮೇಷ್ಟರು. ಅಂಗಳದಲ್ಲಿ ಬೂದು ಬಣ್ಣದ ಉದ್ದನೆಯ ಕಾರು ನಿಂತಿತ್ತು. ಅದರ ಮೇಲೆ ಒಂದು ಕೋಳಿಯೂ ಇತ್ತು.

"ಬಾರಪ್ಪಾ, ಬಾ. ಹನ್ನೊಂದು ವರ್ಷದ ಗಾಡಿ, ಮಗಳಂಗೆ ನೋಡ್ಕಂಡಿವ್ನಿ. ನಮ್ದೇ ಕೆಎ ಅರವತ್ನಾಲ್ಕು ನಂಬರು. ಲೈಫ್ ಟ್ಯಾಕ್ಸು ಆವಾಗ್ಲೇ ಕಟ್ಬುಟ್ಟಿವ್ನಿ. ನೀನು ಹೆಸರು ಬದಲಾಯಿಸ್ಕಂಡ್ರೆ ಆಯ್ತು," ಎಂದು ಅವರು ಕೋಳಿಯನ್ನು ಓಡಿಸಿದರು.

ಅಬ್ಬಾ ಕಾಗದಗಳನ್ನು ಓದಿದರು. ಇಂಜಿನ್ ಸ್ಟಾರ್ಟ್ ಮಾಡಿ, ಕಣ್ಣು ಮುಚ್ಚಿ ಸದ್ದು ಕೇಳಿದರು. ಬಾಗಿಲು ತೆಗೆದು ಕಾಲಿಡುವ ಜಾಗದ ಎತ್ತರ ನೋಡಿ, "ದಾದಿ ಆರಾಮಾಗಿ ಹತ್ತಬಹುದು," ಎಂದರು. ಸೀಟು ಕವರುಗಳು ಹರಿದಿದ್ದವು. ಅದಕ್ಕೂ ಅವರು ನಕ್ಕರು. ಟೈಲರಿಗೆ ಅದೊಂದು ಲೆಕ್ಕವೇ? ಅವರ ಮುಖ ಇಷ್ಟು ಬೆಳಗಿದ್ದನ್ನು ಸುಮೈರಾ ಎಷ್ಟೋ ದಿನದಿಂದ ನೋಡಿರಲಿಲ್ಲ.

"ಬೇಟಾ, ಕೊನೇ ಸಾಲಿನ ಸೀಟು ಮಡಿಸಿ ಅಳತೆ ಕೂಗು," ಎಂದು ಅಬ್ಬಾ ಬಾನೆಟ್ಟಿನ ಕೆಳಗಿಂದ ಹೇಳಿದರು.

ಸುಮೈರಾ ಒಳಗೆ ತೂರಿಕೊಂಡು ಟೇಪು ಹಿಡಿದಳು. ನಲವತ್ತಾರು. ವೀಲ್‌ಚೇರ್ ಮಲಗಿಸಿ, ಪಕ್ಕದಲ್ಲಿ ಚೀಲವನ್ನೂ ಇಡಬಹುದು.

ಇನ್ನು ಸ್ಕೂಟರ್ ಇಲ್ಲ. ಕಡಲೆಕಾಯಿ ಇಲ್ಲ. ಕಿಟಕಿ ಪಕ್ಕ ಅಂಬ್ರೀನ್, ಅಬ್ಬಾನ ಪಕ್ಕ ಅಂಬ್ರೀನ್.

"ಎಷ್ಟು ಬೇಟಾ?"

"ಮೂವತ್ತೆಂಟು," ಎಂದು ಸುಮೈರಾ ಕೂಗಿದಳು.

ಬಾನೆಟ್ಟಿನ ಆಚೆ ಪೆನ್ಸಿಲ್ ನಿಂತುಹೋಯಿತು. "ಮೂವತ್ತೆಂಟಾ?"

"ಹೂಂ."

"ಏ, ಅಷ್ಟು ಚಿಕ್ದಾ?" ಎಂದರು ಶಂಕರಲಿಂಗಪ್ಪ. "ಪುರವರದಿಂದ ಹುಣಸೆಹಣ್ಣಿನ ಮೂಟೆ ತಂದಿವ್ನಲ್ಲ ಇದ್ರಾಗೆ! ನೀನೇ ಒಂದ್ಕಿತ ಅಳದು ನೋಡಪ್ಪಾ."

"ಬೇಡ ಸಾರ್," ಎಂದರು ಅಬ್ಬಾ. "ನನ್ನ ಮಗಳು ಕೂಗಿದ ಮೇಲೆ ನಾನು ಎರಡನೇ ಸಲ ಟೇಪು ಇಡೋದಿಲ್ಲ."

ಸುಮೈರಾ ಡಿಕ್ಕಿಯೊಳಗೇ ಕೂತಿದ್ದಳು. ಬೇಗ ಇಳಿಯಲು ಅವಳಿಂದಾಗಲಿಲ್ಲ.

ವಾಪಸು ಬರುವಾಗ ಬಡವನಹಳ್ಳಿಯಲ್ಲಿ ಅಬ್ಬಾ ಸ್ಕೂಟರ್ ನಿಲ್ಲಿಸಿ ಕಡಲೆಕಾಯಿ ಕೊಡಿಸಿದರು. ಅವತ್ತು ಕತೆ ಹೇಳಲಿಲ್ಲ. ಸುಮೈರಾ ಮೂರೇ ಕಾಯಿ ಸುಲಿದಳು. ಉಳಿದದ್ದು ಪೊಟ್ಟಣದಲ್ಲೇ ಉಳಿಯಿತು.

ಮನೆ ಮುಂದೆ ಅಂಬ್ರೀನ್ ಗೇಟಿನ ಬಳಿ ಎಂದಿನಂತೆ ಕಾಯುತ್ತಿದ್ದಳು. ಅಬ್ಬಾ ತಲೆಯಾಡಿಸಿ, ಅವಳ ಕೆನ್ನೆ ತಟ್ಟಿ ಅಂಗಡಿಗೆ ಹೋದರು.

"ಆಪಾ, ಯಾಕೆ ಆಗ್ಲಿಲ್ಲ?" ಎಂದು ಅಂಬ್ರೀನ್ ಅಕ್ಕನನ್ನು ಕೇಳಿದಳು.

"ವೀಲ್‌ಚೇರ್ ಹಿಡಿಯಲ್ಲ. ಚಿಕ್ಕದು."

"ಥೂ! ನಾನು ಎಲ್ಲಾ ರೆಡಿ ಮಾಡಿದ್ದೆ. ಬಾ ತೋರಿಸ್ತೀನಿ."

ಅಂಗಳದ ನೆಲದ ಮೇಲೆ ದೊಡ್ಡದೊಂದು ಕಾರು ಇತ್ತು. ಅಬ್ಬಾ ಬಟ್ಟೆಗೆ ಗೆರೆ ಹಾಕುವ ನೀಲಿ ಚಾಕ್‌ಪೀಸಿನಿಂದ ಬರೆದದ್ದು. ಅಂಬ್ರೀನ್ ನೆಲದ ಮೇಲೆ ತೆವಳಿಕೊಂಡೇ ಬರೆದಿರಬೇಕು, ಅವಳ ಫ್ರಾಕೆಲ್ಲ ನೀಲಿ. ಹಿಂದೆ ವೀಲ್‌ಚೇರು. ನಡುವೆ ಕಾಲು ಚಾಚಿದ ದಾದಿ, ಅಮ್ಮಿ, ಎರಡು ಜಡೆಯ ಅಂಬ್ರೀನ್. ಮುಂದೆ ಅಬ್ಬಾ. ಅಬ್ಬಾನ ಪಕ್ಕದಲ್ಲಿ ಕೈಯಲ್ಲಿ ಟೇಪು ಹಿಡಿದ ಒಬ್ಬಳು ಹುಡುಗಿ.

"ಇದು ನಾನಾ?"

"ಮತ್ತಿನ್ಯಾರು? ಹೋಗುವಾಗ ಮುಂದಿನ ಸೀಟು ನಿಂದು. ಬರುವಾಗ ನಂದು. ಮೋಸ ಮಾಡೋ ಹಾಗಿಲ್ಲ."

"ನೀನೇ ಎರಡೂ ಸಲ ಕೂತ್ಕೋ. ಎಲ್ಲಾ ನಿಂಗೇ ತಾನೆ."

"ಎಲ್ಲಾ ನಂಗಾ?" ಅಂಬ್ರೀನ್ ಕಣ್ಣು ಕೆಕ್ಕರಿಸಿದಳು. "ಪ್ರತಿ ಭಾನುವಾರ ಅಬ್ಬಾನ ಜೊತೆ ಜುಮ್ಮಂತ ಹೋಗೋದು ಯಾರು? ಪಾವಗಡ ನೀನೇ ನೋಡ್ದೆ, ಕೊರಟಗೆರೆ ನೀನೇ ನೋಡ್ದೆ. ನಾನು ಇಲ್ಲಿ ಗೇಟು ನೋಡ್ತಾ ಕೂತಿರ್ತೀನಿ. ನಿನ್ನ ನೋಡಿದ್ರೆ ನಂಗೆ ಎಷ್ಟು ಹೊಟ್ಟೆ ಉರಿಯುತ್ತೆ ಗೊತ್ತಾ? ಒಂದಿನ ನಿನ್ನ ಚಪ್ಪಲಿ ನಾನೇ ಬಚ್ಚಿಟ್ಟಿದ್ದು. ನೀನು ಹೋಗಬಾರದು ಅಂತ."

ಸುಮೈರಾ ತನ್ನ ಕಾಲಿನ ಚಪ್ಪಲಿ ನೋಡಿಕೊಂಡಳು. ಆ ಚಪ್ಪಲಿ ಅಕ್ಕಿ ಡಬ್ಬದ ಹಿಂದೆ ಸಿಕ್ಕಿತ್ತು. ಇಲಿ ಎಳೆದುಕೊಂಡು ಹೋಗಿರಬೇಕು ಎಂದು ದಾದಿ ಹೇಳಿದ್ದರು. ತನ್ನನ್ನು ನೋಡಿ ಯಾರಿಗಾದರೂ ಹೊಟ್ಟೆ ಉರಿಯಬಹುದು ಎಂದು ಅವಳು ಕನಸಿನಲ್ಲೂ ಅಂದುಕೊಂಡಿರಲಿಲ್ಲ.

ಅವಳು ಕಡಲೆಕಾಯಿ ಪೊಟ್ಟಣವನ್ನು ತಂಗಿಯ ಮಡಿಲಿಗೆ ಹಾಕಿ ಅಂಗಡಿಗೆ ಓಡಿದಳು.

ಅಬ್ಬಾ ಮಷೀನಿನ ಮುಂದೆ ಕೂತಿದ್ದರು.

"ಅಬ್ಬಾ, ಆ ಅಳತೆ ತಪ್ಪು. ನಲವತ್ತಾರು ಇತ್ತು."

ಮಷೀನ್ ನಿಂತಿತು. ಅಬ್ಬಾ ಕನ್ನಡಕ ತೆಗೆದು ಅವಳನ್ನೇ ನೋಡಿದರು.

"ತಪ್ಪಾಗಿ ನೋಡಿದ್ಯಾ, ತಪ್ಪಾಗಿ ಕೂಗಿದ್ಯಾ?"

ತಪ್ಪಾಗಿ ನೋಡಿದೆ ಎಂದುಬಿಟ್ಟರೆ ಅಲ್ಲಿಗೆ ಮುಗಿಯುತ್ತಿತ್ತು. ಆ ಮಾತು ನಾಲಿಗೆಯ ತುದಿಗೂ ಬಂದಿತ್ತು.

"ಕೂಗಿದೆ," ಎಂದಳು. "ಕಾರು ಬಂದ್ರೆ ಭಾನುವಾರ ಇರಲ್ಲ, ಅದಕ್ಕೆ." ಅಷ್ಟು ಹೇಳಿ ಅತ್ತುಬಿಟ್ಟಳು.

ಅಬ್ಬಾ ಬೈಯಲಿಲ್ಲ. ನೋಟ್‌ಬುಕ್ ತೆಗೆದು ಮೂವತ್ತೆಂಟರ ಮೇಲೆ ಗೆರೆ ಎಳೆದರು. ಆಮೇಲೆ ಶಂಕರಲಿಂಗಪ್ಪನವರಿಗೆ ಫೋನ್ ಮಾಡಿದರು.

"ಅಯ್ಯೋ, ಈಗ್ತಾನೆ ಕೊರಟಗೆರೆಯೋರು ಬಂದು ನೋಡ್ಕಂಡು ಹೋದ್ರು ಕಣಪ್ಪಾ. ನಾಳೆ ಮಧ್ಯಾಹ್ನ ಬತ್ತೀವಿ ಅಂದವ್ರೆ. ನೀನು ಅವ್ರಿಗಿಂತ ಮುಂಚೆ ಬಂದ್ರೆ ನಿಂಗೇ."

ಸೋಮವಾರ ಬೆಳಗ್ಗೆ ಅಬ್ಬಾ ಮೊದಲ ಬಸ್ಸಿಗೆ ಹೊರಟರು. "ನಾನೂ ಬರ್ಲಾ?" ಎಂದು ಕೇಳಲು ಸುಮೈರಾಗೆ ಧೈರ್ಯ ಬರಲಿಲ್ಲ. ಗೋಡೆಯ ಮೊಳೆಯಲ್ಲಿ ನೇತಾಡುತ್ತಿದ್ದ ಟೇಪನ್ನು ಅಬ್ಬಾ ತಾವೇ ತೆಗೆದು ಜೇಬಿಗೆ ಹಾಕಿಕೊಂಡರು. ಅದನ್ನು ನೋಡಿದ ಮೇಲೆ ಅವಳಿಗೆ ತಿಂಡಿ ಸೇರಲಿಲ್ಲ.

ಸಂಜೆ ಸ್ಕೂಲಿನಿಂದ ಬಂದವಳು ಗೇಟಿನ ಬಳಿ ಅಂಬ್ರೀನ್ ಪಕ್ಕದಲ್ಲಿ ನಿಂತಳು. ಹೀಗೆ ಕಾಯುವುದು ಅವಳಿಗೆ ಅದೇ ಮೊದಲು. ಐದು ನಿಮಿಷಕ್ಕೇ ಕಾಲು ನೋಯತೊಡಗಿತು.

"ಬೇರೆಯವರು ತಗೊಂಡುಬಿಟ್ಟಿದ್ರೆ?"

"ಶ್! ಗಾಡಿ ಸದ್ದು ಕೇಳ್ಬೇಕು. ಈಗ ಬಂದಿದ್ದು ಹಾಲಿನ ಆಟೋ. ಅದಲ್ಲ, ಅದು ಟಿವಿಎಸ್." ಬೀದಿಯ ತಿರುವಿನಾಚೆಯ ಒಂದೊಂದು ಸದ್ದೂ ಅಂಬ್ರೀನ್‌ಗೆ ಗೊತ್ತಿತ್ತು. ಎಷ್ಟು ಭಾನುವಾರ ಹೀಗೆ ಕೂತಿದ್ದರೆ ಇಷ್ಟೆಲ್ಲ ಗೊತ್ತಾಗಬಹುದು ಎಂದು ಸುಮೈರಾ ಎಣಿಸಿ ನೋಡಿದಳು. ಎಣಿಸುತ್ತಾ ತಂಗಿಯ ಹೆಗಲ ಮೇಲೆ ಕೈ ಇಟ್ಟಳು.

"ಇದು," ಎಂದಳು ಅಂಬ್ರೀನ್ ಥಟ್ಟನೆ. "ಇದು ನಾನು ಯಾವತ್ತೂ ಕೇಳಿಲ್ಲ."

ತಿರುವಿನಲ್ಲಿ ಬೂದು ಕಾರಿನ ಮೂತಿ ಕಾಣಿಸಿತು.

ಆ ಶುಕ್ರವಾರ ಅಂಗಳದಲ್ಲಿ ಅಬ್ಬಾ ಹೊಸ ಸೀಟು ಕವರುಗಳಿಗೆ ಬಟ್ಟೆ ಹರಡಿಕೊಂಡು ಕೂತರು. ದಪ್ಪನೆಯ ಕಂದು ಬಟ್ಟೆ, ದುಬಾರಿಯದ್ದು. ಒಮ್ಮೆ ತಪ್ಪು ಕತ್ತರಿಸಿದರೆ ಹೋಯಿತು. ನಾಲ್ಕು ದಿನದಿಂದ ಟೇಪು ಅವರ ಕತ್ತಿನಲ್ಲೇ ಇತ್ತು. ಗಿರಾಕಿಗಳು ಬಂದಾಗಲೂ ಅವರೇ ಅಳೆದು, ಅವರೇ ಬರೆದುಕೊಂಡಿದ್ದರು. ಸುಮೈರಾ ಬಾಗಿಲ ಹತ್ತಿರ ನಿಂತು ಸುಮ್ಮನೆ ನೋಡುತ್ತಿದ್ದಳು.

ಅಬ್ಬಾ ಕತ್ತಿನಿಂದ ಟೇಪು ತೆಗೆದು ಅವಳ ಕಡೆ ಎಸೆದರು.

"ಮುಂದಿನ ಸೀಟು. ಕೂಗು."

ಅವಳು ಓಡಿ ಕಾರು ಹತ್ತಿದಳು. ಹಿಂದಿನ ಸೀಟಿನಲ್ಲಿ ಅಂಬ್ರೀನ್ ಕಿಟಕಿಯ ಗಾಜನ್ನು ಇಳಿಸುತ್ತಾ ಏರಿಸುತ್ತಾ ಕೂತಿದ್ದಳು. ಸುಮೈರಾ ಟೇಪು ಹಿಡಿದು ನೋಡಿದಳು. ಬೆವರಿದ ಬೆರಳನ್ನು ಲಂಗಕ್ಕೆ ಒರೆಸಿಕೊಂಡು ಇನ್ನೊಮ್ಮೆ ಹಿಡಿದು ನೋಡಿದಳು.

"ಇಪ್ಪತ್ತೊಂದೂವರೆ!"

ಅವಳು ಕಿಟಕಿಯಿಂದ ಇಣುಕಿದಳು. ಅಬ್ಬಾ ಎದ್ದು ಬರಲಿಲ್ಲ. ನೀಲಿ ಚಾಕ್‌ಪೀಸಿನಿಂದ ಉದ್ದಕ್ಕೂ ಒಂದು ಗೆರೆ ಎಳೆದು, ಬಟ್ಟೆಗೆ ಕತ್ತರಿ ಹಾಕಿದರು.