ದ್ರಾಕ್ಷಿ ತೋಟದಲ್ಲಿ ತೂಗಿದ ಮದುವೆ ಡಿವಿಡಿ

"ಅಯ್ಯಯ್ಯೋ! ಇದು ನಮ್ಮಮ್ಮನ ಡಿವಿಡಿ!"

ಹರಿಣಿ ಚೀರಿದಳು. ಕಳವಾರದ ಆ ದ್ರಾಕ್ಷಿ ತೋಟದಲ್ಲಿ ಹಕ್ಕಿ ಬೆದರಿಸಲು ಹಳೇ ಡಿಸ್ಕ್‌ಗಳನ್ನು ಸಾಲಾಗಿ ಕಟ್ಟಿದ್ದರು. ಅವುಗಳ ನಡುವೆ, ಅಮ್ಮನೇ ಕೆಂಪು ಪೆನ್ನಿನಲ್ಲಿ ಬರೆದಿದ್ದ 'ತಂಗಿ ಮದುವೆ' ಬಿಸಿಲಿಗೆ ಗಿರಗಿರ ತಿರುಗುತ್ತಿತ್ತು!

ಅಮ್ಮ ತೀರಿಕೊಂಡು ವರ್ಷವಾಗಿತ್ತು. ವಿಡಿಯೋ ಮಾಡಲು ಮೊಬೈಲ್ ಎತ್ತಿದರೆ ಸೆರಗು ಅಡ್ಡ ಹಿಡಿಯುತ್ತಿದ್ದ ಅಮ್ಮನ ದನಿ ಇದ್ದರೆ ಇದೊಂದರಲ್ಲೇ. ಮನೆಯ ಲ್ಯಾಪ್‌ಟಾಪಿಗೆ ಡಿಸ್ಕ್ ಹಾಕುವ ಜಾಗವೇ ಇಲ್ಲ. ಅದಕ್ಕೇ ಪೆನ್‌ಡ್ರೈವಿಗೆ ಹಾಕಿಕೊಡಿ ಅಂತ ಚಿಕ್ಕಬಳ್ಳಾಪುರದ ವಿಡಿಯೋ ಅಂಗಡಿಯ ವೇಣುವಿಗೆ ಕೊಟ್ಟಿದ್ದಳು. ಹತ್ತು ವರ್ಷದ ಹಿಂದೆ ಚಿಕ್ಕಮ್ಮನ ಆ ಮದುವೆ ಶೂಟ್ ಮಾಡಿದವನೂ ಅವನೇ. ಕೇಳಿದಾಗಲೆಲ್ಲ, "ನಾಳೆ ಬನ್ನಿ." ಇವತ್ತು ಅಂಗಡಿ ಮುಚ್ಚಿತ್ತು, ಹುಡುಕಿಕೊಂಡು ಅವನ ತೋಟಕ್ಕೇ ಬಂದರೆ... ಇದಾ!

"ನಮ್ಮಮ್ಮನ್ನ ಗಿಣಿ ಓಡ್ಸಕ್ಕೆ ಕಟ್ಟಿದ್ದೀರಾ? ನೀವು ಮನುಷ್ಯರಾ?"

ವೇಣುವಿನ ಮುಖ ಬಿಳಿಚಿಕೊಂಡಿತು. "ಅಯ್ಯೋ, ನಂಗ್ ಗೊತ್ತೇ ಇಲ್ಲ ರೀ! ಅಪ್ಪಾ!"

ಅವನ ತಂದೆ ಬಯ್ಯಪ್ಪ ಬಳ್ಳಿ ಸಂದಿಯಿಂದ ಇಣುಕಿದರು. "ಏನಪ್ಪಾ? ಈ ಕಾಲ್ದಾಗೆ ಇವನ್ನ ಯಾರು ನೋಡ್ತಾರೆ ಅಂತ ನಿನ್ ಟೇಬಲ್ ಮೇಲಿದ್ದವನ್ನ ನಿನ್ನೆ ತಂದು ಕಟ್ದೆ."

ಹರಿಣಿ ಅತ್ತೇಬಿಟ್ಟಳು.

"ಅಳ್ಬೇಡಿ. ಡಿಸ್ಕು ಗಟ್ಟಿ ಜೀವ." ವೇಣು ದಾರ ಬಿಚ್ಚಿ, ನಡುವಿನ ತೂತಿನಿಂದ ಅಂಚಿನ ಕಡೆಗೆ ಮೆಲ್ಲಗೆ ಒರೆಸಿದ. ಈಗಲೇ ಹಾಕಿ ತೋರಿಸಿ ಅಂತ ಹರಿಣಿ ಪಟ್ಟು ಹಿಡಿದಳು.

ಇಬ್ಬರೂ ಅಂಗಡಿಗೆ ಬಂದರು. ಹಳೇ ಪ್ಲೇಯರ್ ಕಿರ್ರ್ ಎಂದು ನಿಂತಿತು... ಮತ್ತೆ ಕಿರ್ರ್... ಚಿತ್ರ ಬಂತು!

ಧಾರೆ ಮುಗಿಯಿತು. ಇನ್ನು ಊಟದ ಪಂಕ್ತಿ. ಮದುವೆ ವಿಡಿಯೋದಲ್ಲಿ ಊಟ ಬಂದರೆ ಯಾರ ಮನೆಯಲ್ಲೂ ಟಿವಿ ಮುಂದೆ ಕೂರುವುದಿಲ್ಲ. ಹರಿಣಿಯೂ ಇದನ್ನು ನೋಡಿರಲಿಲ್ಲ. ಆದರೆ... ಇದೇನಿದು! ಪಂಕ್ತಿಯ ತುಂಬ ಅವಳೇ! ಪಾಯಸ ಬಡಿಸುವ ಹರಿಣಿ, ನಗುವ ಹರಿಣಿ, ಜಡೆ ಹಿಂದಕ್ಕೆ ಎಸೆಯುವ ಹರಿಣಿ!

ಆಗಲೇ ಅಮ್ಮ ಕ್ಯಾಮೆರಾಗೆ ಅಡ್ಡ ಬಂದಳು.

"ಏನಪ್ಪಾ, ಹೆಣ್ಣು-ಗಂಡು ಆ ಕಡೆ ಅವ್ರೆ! ನನ್ ಮಗಳು ಅಷ್ಟು ಹಿಡಿಸಿದ್ರೆ ಮನೆಗೆ ಬಂದು ಕೇಳು!"

ಅಮ್ಮನ ದನಿ! ಅಳಬೇಕೋ ನಗಬೇಕೋ ತಿಳಿಯದೆ ಹರಿಣಿ ವೇಣುವಿನತ್ತ ತಿರುಗಿದಳು.

"ಇದಕ್ಕೇನಾ ನಾಳೆ ನಾಳೆ ಅಂತಿದ್ದಿದ್ದು?"

"ಹೂಂ... ನೀವು ನೋಡ್ಬಿಡ್ತೀರಲ್ಲ ಅಂತ ಭಯ."

"ಅಷ್ಟನ್ನ ಕತ್ತರಿಸಿ ಕೊಡಬಹುದಿತ್ತಲ್ಲ?"

ವೇಣು ತಲೆ ತಗ್ಗಿಸಿದ. "ಇಡೀ ಡಿಸ್ಕಲ್ಲಿ ನಿಮ್ಮಮ್ಮ ಮಾತಾಡಿರೋದು ಅದೊಂದೇ ಕಡೆ. ಹೆಂಗ್ ಕತ್ತರಿಸ್ಲಿ ಹರಿಣಿ?"

ಅವಳ ಕಣ್ಣು ಮತ್ತೆ ತುಂಬಿ ಬಂತು.

"ಅಮ್ಮ ಹೇಳಿದ್ದು ಕೇಳಿಸ್ತಲ್ಲ? ಮನೆಗೆ ಬಂದು ಕೇಳಿ."

"ಯಾ... ಯಾವಾಗ ಬರ್ಲಿ?"

"ನಾಳೆ ಅಂದ್ರೆ ಕೊಂದ್ಬಿಡ್ತೀನಿ!"