ಅಂಟಿಸಿದ ಮೀಸೆ

ಹೊಸ ಪ್ರಭೇದ ಸಿಕ್ಕಿತೆಂದು ಅವಳು ಊಟದ ಡಬ್ಬಿ ತೆರೆಯುವುದನ್ನೇ ಮರೆತಿದ್ದಳು. ಎದುರು ಕೂತಿದ್ದ ಅವನು ಅರ್ಧ ಉಂಡಿದ್ದ ತನ್ನ ಡಬ್ಬಿ ಮುಚ್ಚಿಟ್ಟ.

ಅವಳು ಉದ್ದ ಮೀಸೆಯ ಜೀರುಂಡೆಗಳನ್ನು ಗುರುತಿಸಿ ವಿಂಗಡಿಸುವವಳು. ಅವನು ಅದೇ ಸಂಗ್ರಹಾಲಯದಲ್ಲಿ ಸತ್ತ ಜೀರುಂಡೆಗಳ ಕಾಲು, ಮೀಸೆ ನೆಟ್ಟಗೆ ಮಾಡಿ ಪಿನ್ನಿಗೆ ಏರಿಸುವವನು. ಎರಡು ವರ್ಷದಿಂದ ಅಕ್ಕಪಕ್ಕದ ಮೇಜು. ಮೈಕ್ರೋಸ್ಕೋಪಿನಿಂದ ತಲೆ ಎತ್ತಿದಾಗ ಅವಳ ಕಣ್ಣಿನ ಸುತ್ತ ಉಳಿಯುವ ದುಂಡು ಗುರುತು ನೋಡಲೆಂದೇ ಅವನು ಕೆಲಸ ನಿಧಾನ ಮಾಡುತ್ತಿದ್ದ.

"ಅವಳ ಹತ್ರ ಮಾತಾಡ್ತೀಯೋ, ಜೀರುಂಡೆ ಜೊತೇಲೇ ಸಂಸಾರ ಹೂಡ್ತೀಯೋ?" ಎಂದು ಅವನ ಅಕ್ಕ ದಿನಾ ಚುಚ್ಚುತ್ತಿದ್ದಳು.

"ಮೀಸೆ ನೋಡಿದ್ರಾ? ಮೈಗಿಂತ ನಾಲ್ಕು ಪಟ್ಟು!" ಎಂದಳು ಅವಳು, ತೆರೆಯದ ಡಬ್ಬಿಯನ್ನು ಪಕ್ಕಕ್ಕೆ ಸರಿಸಿ. "ಇಂಥದ್ದು ಎಲ್ಲೂ ದಾಖಲಾಗಿಲ್ಲ. ನಾನು ಹೆಸರಿಡೋ ಮೊದಲನೇ ಜೀರುಂಡೆ. ಲೇಖನ ಸಂಜೆ ಕಳಿಸ್ತೀನಿ."

ಆ ಮೀಸೆ ಆ ಜೀರುಂಡೆಯದಲ್ಲ. ಎಡಮೀಸೆ ಮೊದಲೇ ಉದುರಿತ್ತು. ಬಲದ್ದು ಅವನ ಚಿಮುಟದಲ್ಲಿ ಪಟ್ಟನೆ ಮುರಿದಿತ್ತು. ಬೈಸಿಕೊಳ್ಳುವ ಭಯಕ್ಕೆ, ಪೆಟ್ಟಿಗೆಯ ತಳದಲ್ಲಿ ಬಿದ್ದಿದ್ದ ಯಾವುದೋ ಮೀಸೆಯನ್ನು ಅಂಟಿಸಿಬಿಟ್ಟಿದ್ದ. ಈಗ ಬಾಯಿ ಮುಚ್ಚಿಕೊಂಡರೆ ಅವಳ ಸಂತೋಷ ಉಳಿಯುತ್ತದೆ, ಅವನ ಮರ್ಯಾದೆಯೂ. ಆದರೆ ಅವಳ ಹೆಸರಿನಲ್ಲಿ ಸುಳ್ಳೊಂದು ಅಚ್ಚಾಗುತ್ತದೆ. ಹೇಳಿದರೆ ಅವಳು ಮತ್ತೆಂದೂ ತನ್ನ ಮುಖ ನೋಡಲಾರಳು ಎಂದೇ ಅವನು ನಂಬಿದ್ದ.

ನಾಲ್ಕು ಗಂಟೆಗೆ ಹೇಳಿಬಿಟ್ಟ.

ಅವಳು ಜೀರುಂಡೆಯನ್ನು ಲೆನ್ಸಿನಡಿ ಇಟ್ಟು ಮೀಸೆಯ ಬುಡವನ್ನು ತುಂಬ ಹೊತ್ತು ನೋಡಿದಳು. ಕೂದಲೆಳೆಯಷ್ಟು ಅಂಟು ಕಂಡಿತು. ಲೇಖನ ಅಳಿಸಿದಳು. ಕಣ್ಣು ತುಂಬಿತ್ತು.

"ಬೇರೆ ಯಾರು ಜೋಡಿಸಿದ್ರೂ ಮೊದಲು ಬುಡ ನೋಡ್ತಿದ್ದೆ. ನಿಮ್ಮ ಕೈ ಅಂತ ನೋಡ್ಲೇ ಇಲ್ಲ."

ಬೈದಿದ್ದರೆ ಇದಕ್ಕಿಂತ ಹಗುರಾಗಿರುತ್ತಿತ್ತು ಎನಿಸಿತು ಅವನಿಗೆ.

"ಅಷ್ಟು ನಾಜೂಕಿನ ಕೈ. ಮುರಿದಿದ್ದಾದ್ರೂ ಹೇಗೆ?"

"ನೀವು ಕೆಲಸಕ್ಕೆ ಸೇರಿದ ದಿನ. ಬಾಗಿಲಲ್ಲಿ ನಿಂತು, ಒಳಗೆ ಬರ್ಲಾ ಅಂತ ಕೇಳಿದ್ರಿ. ತಲೆ ಎತ್ತಿ ನೋಡಿದೆ, ಮುರೀತು." ಅವನು ಚಿಮುಟ ಕೆಳಗಿಟ್ಟ. "ಅವತ್ತಿಂದ ನನಗೆ ನೀವಂದ್ರೆ ಇಷ್ಟ. ಅದನ್ನೂ ಮುಚ್ಚಿಟ್ಟಿದ್ದೆ."

ಅವಳು ಕಣ್ಣೊರೆಸಿಕೊಂಡು, ಜೀರುಂಡೆಯನ್ನು ನೋಡುವಷ್ಟೇ ಗಮನವಿಟ್ಟು ಅವನನ್ನು ನೋಡಿದಳು.

"ಇನ್ನೂ ಎಷ್ಟಕ್ಕೆ ಅಂಟಿಸಿದ್ದೀರಿ?"

"ದೇವರಾಣೆ, ಇದೊಂದಕ್ಕೇ."

"ನಂಬಲ್ಲ. ನೀವು ಜೋಡಿಸಿದ್ದನ್ನೆಲ್ಲ ಒಂದೊಂದಾಗಿ ನೋಡ್ಬೇಕು. ನೀವೂ ಪಕ್ಕದಲ್ಲಿ ಕೂತಿರ್ಬೇಕು."

"ಎರಡು ಸಾವಿರ ಇದೆ ಮೇಡಂ. ವರ್ಷಗಟ್ಟಲೆ ಹಿಡಿಯುತ್ತೆ."

"ಹಿಡೀಲಿ," ಎಂದಳು ಅವಳು, ಅವನ ಕುರ್ಚಿಯನ್ನು ತನ್ನ ಮೇಜಿಗೆ ಎಳೆದುಕೊಳ್ಳುತ್ತ.