ನಾಲ್ಕನೇ ಬೆಡ್ಡಿಗೆ ಎರಡು ಸಲ ಔಷಧಿ

ಗುರುವಾರ ಬೆಳಿಗ್ಗೆ ಪಾಲಿಹೌಸಿನ ಬಾಗಿಲು ತೆಗೆದರೆ ನಾಲ್ಕನೇ ಬೆಡ್ಡಿನ ಗುಲಾಬಿ ಎಲೆಗಳೆಲ್ಲ ಸುಟ್ಟಂತೆ ಕಂದಿದ್ದವು. ಮೊಗ್ಗುಗಳ ಅಂಚು ಕಪ್ಪಾಗಿತ್ತು. ಒಂದೇ ಔಷಧಿ ಎರಡು ಸಲ ಬಿದ್ದಿದೆ— ಅಷ್ಟು ಗೊತ್ತಾಯಿತು. ಆದರೆ ಹೇಗೆ?

ನಾನು, ವೇಣು, ಅಲ್ಲಿ ಸೂಪರ್‌ವೈಸರ್. ಯಾವ ಬೆಡ್ಡಿಗೆ ಏನು ಮಾಡಿದೆವೆಂದು ನಾನೂ ಔಷಧಿ ಹೊಡೆಯುವ ಪಾಪಯ್ಯನೂ ನಮ್ಮ ನಮ್ಮ ಫೋನಿನಿಂದ ಒಂದೇ ನೋಟ್ಸಿನಲ್ಲಿ ಬರೆಯುತ್ತೇವೆ. ಸೋಮವಾರದ ಕೆಳಗೆ ನಾಲ್ಕನೇ ಬೆಡ್ಡಿನ ಮಾತೇ ಇರಲಿಲ್ಲ. ಹಾಗಾಗಿ ಮಂಗಳವಾರ, ಪಾಪಯ್ಯ ರಜೆಯಲ್ಲಿದ್ದಾಗ, ನಾನೇ ಹೊಡೆದೆ.

ಸೋಮವಾರವೇ ಹೊಡೆದು ಬರೆದಿದ್ದೆ ಎಂದ ಪಾಪಯ್ಯ. ಅವನ ಫೋನಿನಲ್ಲೂ ಅದಿಲ್ಲ. ಮಾಲೀಕ ಮುನೀಂದ್ರ ಅವನಿಗೆ, ನಾಳೆಯಿಂದ ಬರಬೇಡ ಎಂದುಬಿಟ್ಟ. ನನಗೆ ತಲೆಬುಡ ತಿಳಿಯಲಿಲ್ಲ. ಹನ್ನೊಂದು ವರ್ಷ ಸುಳ್ಳಾಡದವನು ಈಗೇಕೆ ಆಡುತ್ತಾನೆ? ಸುಳ್ಳಲ್ಲದಿದ್ದರೆ ಬರೆದದ್ದು ಎಲ್ಲಿ ಹೋಯಿತು?

ಮುನೀಂದ್ರನ ಅಕ್ಕ ಗಂಗಾದೇವಿ ಹೊಸೂರಿನ ಗಡಿಯಾರ ಕಾರ್ಖಾನೆಯಲ್ಲಿ ತಪಾಸಣೆ ಕೆಲಸ ಮಾಡಿ ನಿವೃತ್ತರಾದವರು. ಎರಡೂ ಫೋನು ಇಸಿದುಕೊಂಡು ಕೂತರು.

"ಎಲ್ಲಿ ನಿಂತು ಬರ್ದೆ, ಪಾಪಣ್ಣ?" ಎಂದು ಪಾಪಯ್ಯನನ್ನು ಕೇಳಿದರು.

"ಒಳಗೇ ಕಣಮ್ಮ, ಮೋಟ್ರು ತಾವ. ಅಲ್ಲಿ ಟವರ್ ಸಿಗಲ್ಲ."

"ಇನ್ನೇನು ಬರ್ದಿದ್ದೆ?"

"ಆರನೇ ಬೆಡ್ಡಲ್ಲಿ ಹೂ ಕೊಯ್ದಿದ್ದು."

ಆ ಹೊತ್ತಿಗೆ ನಾನೆಲ್ಲಿದ್ದೆ ಎಂದು ಕೇಳಿದರು. ಅವಲಪಲ್ಲಿಯಿಂದ ಬಸ್ಸಿನಲ್ಲಿ ಬರುತ್ತ, ಎರಡನೇ ಬೆಡ್ಡಿಗೆ ನೀರು ಬಿಡುವುದನ್ನು ಅದೇ ನೋಟ್ಸಿನಲ್ಲಿ ಬರೆಯುತ್ತಿದ್ದೆ ಎಂದೆ.

ಅವರು ಸ್ವಲ್ಪ ಹೊತ್ತು ಫೋನು ಒತ್ತುತ್ತ ಕೂತು, ಆಮೇಲೆ ಹೇಳಿದರು.

"ಸೋಮವಾರ ಆರನೇ ಬೆಡ್ಡಿನ ಹೂವು ಮಾರ್ಕೆಟ್ಟಿಗೆ ಹೋಗಿದ್ದನ್ನ ನೀವೆಲ್ಲ ನೋಡಿದ್ದೀರ. ನೋಟ್ಸಲ್ಲಿ ಅದೂ ಇಲ್ಲ. ಅದನ್ನ ಯಾರೂ ಗಮನಿಸ್ಲಿಲ್ಲ. ಅದಕ್ಕೇ ಆಪ್ ಉಳಿಸಿಟ್ಟಿರೋ ಹಳೇ ಪ್ರತಿಗಳನ್ನ ತೆಗೆದು ನೋಡ್ದೆ. ಪಾಪಣ್ಣ ಬರ್ದಿದ್ದು ಎರಡೂ ಅಲ್ಲಿದೆ. ಅವನು ರಸ್ತೆಗೆ ಬಂದು ಟವರ್ ಸಿಕ್ಕಾಗ ಎರಡು ಫೋನಲ್ಲಿ ಬರ್ದಿದ್ದು ಬೇರೆಬೇರೆ ಆಗೋಗಿದೆ. ಯಾವ್ದು ಇಟ್ಕೋಬೇಕು ಅಂತ ಆಪ್ ಕೇಳಿದೆ. ಒಬ್ರು 'ಈ ಫೋನಿನದು' ಅಂತ ಒತ್ತಿ, ಇನ್ನೊಂದನ್ನ ಎರಡೂ ಫೋನಿಂದ ಅಳಿಸಿದ್ದಾರೆ."

"ಯಾರು?" ಮುನೀಂದ್ರ ಕೇಳಿದ.

"ವೇಣು. ಇವನ ಫೋನಿನ ಹೆಸರೇ ಇದೆ ಇಲ್ಲಿ."

ಮಸುಕಾಗಿ ನೆನಪಾಯಿತು. ಬಸ್ಸಿಳಿಯುವ ಅವಸರದಲ್ಲಿ ಫೋನು ಏನೋ ಕೇಳಿತ್ತು. ಓದದೆ ಒತ್ತಿದ್ದೆ.

ಮುನೀಂದ್ರ ತಲೆ ತಗ್ಗಿಸಿ, ಆಡಿದ ಮಾತು ವಾಪಸ್ ತಗೊಂಡೆ ಎಂದ. ನಾನು ಪಾಪಯ್ಯನ ಮುಖ ನೋಡಲಾರದೆ ನಿಂತೆ.

"ಅಳ್ಸಿದ್ದು ನಾನೇ, ಪಾಪಣ್ಣ."

ಅವನು ಪಾಲಿಹೌಸಿನ ಕಡೆ ತಿರುಗಿದ. ಆಮೇಲೆ, ಎಲೆಗಳನ್ನು ಬರೀ ನೀರಲ್ಲಿ ತೊಳೆದಿರಾ ಎಂದು ಕೇಳಿದ. ಇಲ್ಲ ಎಂದೆ.

"ಹಂಗಾರೆ ಪೈಪ್ ಎಳ್ಕೊಂಡ್ ಬಾ," ಎಂದು ಒಳಗೆ ಹೋದ.